ಮ್ಯೂಚುವಲ್ ಡೈವೋರ್ಸ್‌ಗೆ ಇಬ್ಬರಿಗೂ ಒಬ್ಬರೇ ವಕೀಲರು ಸಾಕಾ?

ವಾಕಡ್ ಅಣ್ಣ: ಎಲ್ಲರಿಗೂ ನಮಸ್ಕಾರ. ನನ್ನ ತಂಗಿ, ಅವಳ ಗಂಡ ಇಬ್ಬರೂ ಪುಣೆಯಲ್ಲೇ ಕೆಲಸದಲ್ಲಿದ್ದಾರೆ. ಬೇರೆಯಾಗೋಣ ಅಂತ ಒಪ್ಪಿದ್ದಾರೆ, ದೊಡ್ಡ ಜಗಳವೇನಿಲ್ಲ. ಆರು ವರ್ಷದ ಮಗಳಿದ್ದಾಳೆ. ಇಬ್ಬರ ಹೆಸರಲ್ಲೂ ಒಂದು ಫ್ಲ್ಯಾಟ್, ಅದರ ಮೇಲೆ ಸಾಲ. ಇಲ್ಲಿನ ಒಬ್ಬ ವಕೀಲರು "ಇಬ್ಬರಿಗೂ ನಾನೇ ಸಾಕು, ಕನ್ಸೆಂಟ್ ಟರ್ಮ್ಸ್ (ಇಬ್ಬರೂ ಒಪ್ಪಿದ ಷರತ್ತುಗಳ ಕಾಗದ) ಬರೆದು ಮುಗಿಸಿಬಿಡೋಣ" ಎಂದಿದ್ದಾರೆ. ಧಾರವಾಡದ ನಮ್ಮ ದೊಡ್ಡಪ್ಪ ಮಾತ್ರ "ಮೊದಲು ಊರ ಕೋರ್ಟಿನಲ್ಲಿ ಕೇಸ್ ಹಾಕಿ, ಅವನು ತಾನಾಗೇ ದಾರಿಗೆ ಬರ್ತಾನೆ" ಅನ್ನುತ್ತಾರೆ. ತಿಳಿದವರು ಹೇಳಿ.

ಮುಲುಂಡ್ ಹೋಟೆಲ್‌ನವ: ಒಪ್ಪಿದ ಮೇಲೆ ಇಬ್ಬರು ವಕೀಲರು ಯಾಕೆ ಮಾರಾಯ್ರೆ? ಎರಡು ಫೀಸು ಕೊಟ್ಟು ಜಗಳ ತಂದುಕೊಳ್ಳೋದಾ? ಹುಡುಗಿ ಕಡೆಯವರು ಒಂದು ಹುಳ ಬಿಡುತ್ತಾರೆ, ಹುಡುಗನ ಕಡೆಯವರು ಇನ್ನೊಂದು. ಚೆನ್ನಾಗಿ ಮಾತಾಡುತ್ತಿದ್ದವರು ತಾರೀಖಿಗೆ ತಾರೀಖು ಅಲೆಯುವುದನ್ನು ನಮ್ಮ ಕುಟುಂಬದಲ್ಲೇ ನೋಡಿದ್ದೇನೆ. ಒಬ್ಬರೇ ಸಾಕು, ಬೇಗ ಸಹಿ ಹಾಕಿಸಿ.

ಥಾಣೆ ವಕೀಲೆ: ಮೊದಲು ದೊಡ್ಡಪ್ಪನವರ ಮಾತಿಗೆ ಬರುತ್ತೇನೆ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು, ನಿಜ. ಆದರೆ ನಿಮ್ಮ ತಂಗಿ ಇರುವುದು ಪುಣೆಯಲ್ಲಿ. ಮದುವೆ ಧಾರವಾಡದಲ್ಲಿ ಆಗಿದ್ದರೆ ಅಲ್ಲಿ ಹಾಕಬಹುದು ಅಂತಲೇ ಇಟ್ಟುಕೊಳ್ಳಿ. ಅವನು ಸುಮ್ಮನಿರುತ್ತಾನಾ? ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೇಸ್ ವರ್ಗ ಮಾಡಿಸಲು ಸುಪ್ರೀಂ ಕೋರ್ಟಿಗೇ ಹೋಗಬೇಕು. ದಾರಿಗೆ ಯಾರೂ ಬರುವುದಿಲ್ಲ, ದಿಲ್ಲಿ ದಾರಿ ಮಾತ್ರ ಇಬ್ಬರೂ ಹಿಡಿಯುತ್ತಾರೆ.

ಇನ್ನು ಒಬ್ಬರೇ ವಕೀಲರ ವಿಷಯ. ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಹಾಗೆ ಮಾಡುವುದು ಇಲ್ಲಿ ರೂಢಿ. ನನಗೆ ಮಾತ್ರ ಇಷ್ಟವಿಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಒಂದು ವರ್ಷ ಬೇರೆ ಇದ್ದ ಮೇಲೆ ಅರ್ಜಿ, ಅದಾದ ಆರು ತಿಂಗಳಿಗೆ ಎರಡನೇ ಹಂತ, ಅಂದರೆ ಇಬ್ಬರೂ ಮತ್ತೆ ಕೋರ್ಟಿನ ಮುಂದೆ ಒಪ್ಪಿಗೆ ಹೇಳುವುದು. ಡಿಕ್ರಿ (ವಿಚ್ಛೇದನದ ಕೋರ್ಟ್ ಆದೇಶ) ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು ಎಂದು 1991ರಲ್ಲೇ ಸುರೇಷ್ಟಾ ದೇವಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವಸರದಲ್ಲಿ ಸಹಿ ಹಾಕಿದವರಿಗೆ "ನನಗೆ ಮೋಸವಾಯಿತು" ಅನ್ನಿಸುವುದು ಈ ನಡುವಿನ ತಿಂಗಳುಗಳಲ್ಲೇ. ಆಗ ಆ ಒಬ್ಬ ವಕೀಲರು ಯಾರ ಪರವೂ ನಿಲ್ಲುವಂತಿಲ್ಲ. ಇಬ್ಬರೂ ಹೊಸದಾಗಿ ಶುರು ಮಾಡಬೇಕು.

ಮುಲುಂಡ್ ಹೋಟೆಲ್‌ನವ: ಆರು ತಿಂಗಳು ಕಾಯೋದು ಈಗ ಬೇಡ ಅಂತ ಕೇಳಿದ್ದೆ?

ಥಾಣೆ ವಕೀಲೆ: 2017ರ ಅಮರದೀಪ್ ಸಿಂಗ್ ತೀರ್ಪು. ನ್ಯಾಯಾಲಯಕ್ಕೆ ಸರಿ ಕಂಡರೆ ಮನ್ನಾ ಮಾಡಬಹುದು, ಕೇಳಿದವರಿಗೆಲ್ಲ ಸಿಗುವುದಿಲ್ಲ. ಮೊದಲ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ಜೀವನಾಂಶ, ಮಗು, ಉಳಿದ ಲೆಕ್ಕ ಎಲ್ಲ ನಿಜವಾಗಿ ಬಗೆಹರಿದಿರಬೇಕು. ಅಂದ ಹಾಗೆ, ಬೇರೆ ಇರುವುದು ಅಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಫ್ಲ್ಯಾಟಿನಲ್ಲಿ ಗಂಡಹೆಂಡಿರಾಗಿ ಬಾಳದೆ ಇದ್ದರೂ ನಡೆಯುತ್ತದೆ. ಪುಣೆಯ ಬಾಡಿಗೆ ನೋಡಿದರೆ ಎಷ್ಟೋ ಜನರಿಗೆ ಅದೇ ಗತಿ.

ಕೊತ್ರೂಡ್ ಅಕ್ಕ: "ಜಗಳವಿಲ್ಲ" ಅನ್ನೋ ಮಾತು ಕೇಳಿದರೆ ನನಗೆ ಭಯ. ನಾನು ಜನರ ಟ್ಯಾಕ್ಸ್ ರಿಟರ್ನ್ ತುಂಬಿಸುವವಳು. ಚೆನ್ನಾಗಿ ಸಂಬಳ ತರುವ ಹೆಣ್ಣುಮಕ್ಕಳಿಗೂ ಮನೆಯ ಪಿಎಫ್ ಎಷ್ಟು, ಶೇರು ಎಲ್ಲಿವೆ, ಯಾರ ಹೆಸರಲ್ಲಿ ಎಫ್‌ಡಿ ಅಂತ ಗೊತ್ತಿರುವುದಿಲ್ಲ. ಕೆಲವು ಗಂಡಸರಿಗೂ ಅಷ್ಟೇ. ಗೊತ್ತಿಲ್ಲದವರು "ನನಗೇನೂ ಬೇಡ, ಬಿಟ್ಟುಬಿಡಿ" ಎನ್ನುತ್ತಾರೆ. ಹಿರಿಯರು "ಎಷ್ಟು ಒಳ್ಳೆಯವಳು" ಎಂದು ಹೊಗಳುತ್ತಾರೆ. ಇದು ಸಹಕಾರ ಹೇಗಾಗುತ್ತದೆ?

2020ರ ರಜನೇಶ್ ವಿರುದ್ಧ ನೇಹಾ ತೀರ್ಪು ನೋಡಿ. ಜೀವನಾಂಶ ಕೇಳುವ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲ ಬರೆದು ಅಫಿಡವಿಟ್ ಕೊಡಲೇಬೇಕು. ಜಗಳ ಆಡುವವರಿಗೆ ಕಡ್ಡಾಯವಾದ ಆ ಪಟ್ಟಿಯನ್ನು ಜಗಳವಿಲ್ಲದವರು ತಾವಾಗೇ ತುಂಬಿ ಒಬ್ಬರಿಗೊಬ್ಬರು ಕೊಡಬಾರದೇಕೆ? ಪಟ್ಟಿ ಮೊದಲು, ಸಹಿ ಆಮೇಲೆ. ತವರಿನಿಂದ ತಂದ ಚಿನ್ನವನ್ನು ಹಂಚಿಕೆಯ ಲೆಕ್ಕಕ್ಕೆ ತರಬೇಡಿ, ಸ್ತ್ರೀಧನ ಅವಳದ್ದೇ.

ಬಾಣೇರ್ ಹುಡುಗ: ಅಮೆರಿಕದಲ್ಲಿ ಇದಕ್ಕೊಂದು ಪದ್ಧತಿಯೇ ಇದೆ. 1990ರಲ್ಲಿ ಮಿನಿಯಾಪೊಲಿಸ್‌ನ ಸ್ಟೂವರ್ಟ್ ವೆಬ್ ಎಂಬ ವಕೀಲರು ಶುರು ಮಾಡಿದ್ದು. ಇಬ್ಬರಿಗೂ ಬೇರೆ ಬೇರೆ ವಕೀಲರು, ನಾಲ್ಕೂ ಜನ ಒಟ್ಟಿಗೆ ಕೂತು ಮಾತು. ಮಾತು ಮುರಿದು ಕೋರ್ಟಿನಲ್ಲಿ ಹೊಡೆದಾಟ ಶುರುವಾದರೆ ಇಬ್ಬರು ವಕೀಲರೂ ಕೇಸ್ ಬಿಡಬೇಕು ಅಂತ ಮೊದಲೇ ಬರೆದುಕೊಡುತ್ತಾರೆ. ಜಗಳ ಬೆಳೆದರೆ ಫೀಸು ಬೇರೆಯವರ ಪಾಲು! ನಮ್ಮಲ್ಲಿ ಕಾನೂನು ಇಲ್ಲದಿದ್ದರೂ ಇಬ್ಬರು ವಕೀಲರು ಒಪ್ಪಿದರೆ ಮಾಡಬಹುದಲ್ವಾ?

ಥಾಣೆ ವಕೀಲೆ: ಮಾಡಬಹುದು. ಒಪ್ಪುವ ಇಬ್ಬರು ಸಿಗಬೇಕು, ಅಷ್ಟೇ. ನನ್ನ ವೃತ್ತಿಯವರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ವಾಸ್ಕೋ ಮೇಸ್ತ್ರಿ: ನಿಮ್ಮದೆಲ್ಲ ಸ್ಯಾಲರಿ ಸ್ಲಿಪ್ ಇದ್ದವರ ಮಾತು ಬಿಡ್ರಿ. ಇಲ್ಲಿ ಗೋವಾದಲ್ಲಿ ಗದಗ, ಬಾಗಲಕೋಟೆ ಕಡೆಯ ನಮ್ಮ ಜನ ಕಟ್ಟಡದ ಕೆಲಸಕ್ಕೆ ಬಂದಿರುತ್ತಾರೆ. ಹಿರಿಯರು ಕೂತು ಬಾಂಡ್ ಪೇಪರಿನ ಮೇಲೆ ಸೋಡಚೀಟಿ, ಅಂದ್ರ ಗಂಡಹೆಂಡತಿ ಬಿಟ್ಟ ಚೀಟಿ, ಬರೆಸುತ್ತಾರೆ, ಮುಗಿಯಿತು. ವಕೀಲರಿಲ್ಲ, ಫೀಸಿಲ್ಲ. ಅದೂ ಒಪ್ಪಂದವೇ ಅಲ್ಲೇನ್ರಿ?

ಥಾಣೆ ವಕೀಲೆ: ಮೇಸ್ತ್ರಿಯವರೇ, ನೋಟರಿ ಮುಂದೆ ಬರೆಸಿದ ಕಾಗದದಿಂದ ಮದುವೆ ಮುರಿಯುವುದಿಲ್ಲ. ಜಾತಿಯ ಹಳೆಯ ಪದ್ಧತಿಗೆ ಕಾಯ್ದೆಯಲ್ಲಿ ಜಾಗವಿದೆ, ಆದರೆ ಆ ಪದ್ಧತಿ ಇತ್ತು ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆ ಚೀಟಿ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆಯೇ ನಿಲ್ಲದೆ ಹೋಗಬಹುದು. ದುಡ್ಡಿಲ್ಲ ಅನ್ನುವುದಕ್ಕೆ ಉಪಾಯವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ವಾಕಡ್ ಅಣ್ಣನ ತಂಗಿಗೂ ಸಿಗುತ್ತಾರೆ.

ವಾಸ್ಕೋ ಮೇಸ್ತ್ರಿ: ಉಚಿತ ಅಂದ್ರೂ ದಿನದ ಕೂಲಿ ಹೋಗತದಲ್ರೀ. ಅದನ್ನ ಯಾರು ಕೊಡ್ತಾರ?

ಕೊತ್ರೂಡ್ ಅಕ್ಕ: ಮೇಸ್ತ್ರಿಯವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಇನ್ನೊಂದು ಮಾತು: ಹೊಡೆತ ಬಡಿತ ಇರುವ ಮನೆಗೆ ದಯವಿಟ್ಟು ಈ ಕೂತು ಮಾತಾಡುವ ಸಲಹೆ ಕೊಡಬೇಡಿ. ಹೆದರಿಕೆ ಇರುವ ಕಡೆ ಒಪ್ಪಿಗೆ ಎಲ್ಲಿಂದ ಬರಬೇಕು? ಅಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯೇ ಸರಿ.

ವಾಕಡ್ ಅಣ್ಣ: ಅಂಥದ್ದೇನೂ ಇಲ್ಲ ಅಕ್ಕಾ, ಅವಳನ್ನೇ ಕೇಳಿ ಖಚಿತ ಮಾಡಿಕೊಂಡೆ. ಹಾಗಾದರೆ ಇಬ್ಬರು ವಕೀಲರು, ಮೊದಲು ಪಟ್ಟಿ. ಫ್ಲ್ಯಾಟ್ ತಂಗಿ ಇಟ್ಟುಕೊಳ್ಳುತ್ತಾಳೆ ಅಂತ ಮಾತಾಗಿದೆ. ಕನ್ಸೆಂಟ್ ಟರ್ಮ್ಸ್‌ನಲ್ಲಿ ಬರೆದರೆ ಆಯಿತಾ?

ಥಾಣೆ ವಕೀಲೆ: ಆಗುವುದಿಲ್ಲ. ನಿಮ್ಮ ಟರ್ಮ್ಸ್‌ಗೆ ಬ್ಯಾಂಕ್ ಬದ್ಧವಲ್ಲ. ಸಾಲದಲ್ಲಿ ಅವನ ಹೆಸರಿರುವ ತನಕ ಕಂತು ತಪ್ಪಿದರೆ ಅವನನ್ನೂ ಹಿಡಿಯುತ್ತಾರೆ. ಅವಳೊಬ್ಬಳ ಸಂಬಳದ ಮೇಲೆ ಸಾಲ ಮುಂದುವರಿಸುತ್ತಾರಾ ಅಂತ ಮೊದಲೇ ಕೇಳಿ. ಆಮೇಲೆ ಅವನ ಪಾಲನ್ನು ದಾನಪತ್ರದಿಂದ ಅವಳಿಗೆ ಕೊಡುವುದಾದರೆ ಡಿಕ್ರಿಗೆ ಮುಂಚೆ ಮಾಡಿ. ಮಹಾರಾಷ್ಟ್ರದಲ್ಲಿ ಗಂಡಹೆಂಡತಿ ನಡುವೆ ವಾಸದ ಮನೆಯ ದಾನಪತ್ರಕ್ಕೆ ಮುದ್ರಾಂಕ ಶುಲ್ಕ 200 ರೂಪಾಯಿ, ಮೇಲೆ ಬೇರೆ ಖರ್ಚುಗಳು. ಡಿಕ್ರಿ ಆದ ಮೇಲೆ ಅವರು ಗಂಡಹೆಂಡತಿ ಅಲ್ಲ.

ಮುಲುಂಡ್ ಹೋಟೆಲ್‌ನವ: ಡಿಕ್ರಿಗೆ ಮುಂಚೆ ಮನೆ ಬರೆದುಕೊಟ್ಟು, ಆಮೇಲೆ ಅವಳು ಒಪ್ಪಿಗೆ ವಾಪಸ್ ಪಡೆದರೆ? ಹುಡುಗನ ಗತಿ? ನೀವೇ ಹೇಳಿದ್ದು ತಾನೆ!

ಥಾಣೆ ವಕೀಲೆ: ಸರಿಯಾದ ಪ್ರಶ್ನೆ. ಅದಕ್ಕೇ ಅವನಿಗೂ ಒಬ್ಬ ವಕೀಲರು ಬೇಕು ಅನ್ನುವುದು. ದಾನಪತ್ರವನ್ನು ಎರಡನೇ ಹಂತದ ತಾರೀಖಿನ ಹಿಂದಿನ ದಿನಗಳಿಗೆ ಇಟ್ಟುಕೊಂಡರೆ ಅಪಾಯ ಕಡಿಮೆ.

ಕೊತ್ರೂಡ್ ಅಕ್ಕ: ಮಗಳ ಖರ್ಚು ಬೇಡ ಅಂತ ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ, ಅದನ್ನು ಬರೆಯಿಸಲೇಬೇಡಿ. ಮೇ ರಜೆ, ದೀಪಾವಳಿ ಯಾರ ಜೊತೆ, ಶಾಲೆಯ ಫೀಸು ಹೆಚ್ಚಾದರೆ ಯಾರೆಷ್ಟು, ಪಾಸ್‌ಪೋರ್ಟ್ ಯಾರ ಹತ್ತಿರ, ಈ ನಾಲ್ಕನ್ನೂ ಈಗಲೇ ಬರೆದಿಡಿ.