ಹೃದಯ ಕಸಿಯಾದ ಅಣ್ಣನ ಕ್ರಿಯೇಟಿನಿನ್ ಏರಿದೆ: ಟ್ಯಾಕ್ರೋಲಿಮಸ್ ಕಡಿಮೆ ಮಾಡಬಹುದೇ?

ಪ್ರಶ್ನೆ (ಬದಿಯಡ್ಕದಿಂದ)

ನನ್ನ ಅಣ್ಣನಿಗೆ ನಾಲ್ಕು ವರ್ಷಗಳ ಹಿಂದೆ ಕೊಚ್ಚಿಯಲ್ಲಿ ಹೃದಯ ಕಸಿ ಆಯಿತು. ಈಗ ತೋಟಕ್ಕೆ ಇಳಿದು ಅಡಿಕೆ ಹೆಕ್ಕುವಷ್ಟು ಚೇತರಿಸಿಕೊಂಡಿದ್ದಾನೆ. ಆದರೆ ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ಕ್ರಿಯೇಟಿನಿನ್ 1.1 ಇದ್ದದ್ದು ಕಳೆದ ವಾರ 1.7ಕ್ಕೆ ಏರಿದೆ, ದೇಹವು ಕಸಿಯಾದ ಹೃದಯವನ್ನು ತಿರಸ್ಕರಿಸದಂತೆ ನುಂಗುವ ಟ್ಯಾಕ್ರೋಲಿಮಸ್‌ನ ಮಟ್ಟವೂ ರಕ್ತದಲ್ಲಿ ಹೆಚ್ಚಿದೆ. ಮೂತ್ರಪಿಂಡ ಕೆಡಿಸುವುದು ಇದೇ ಮಾತ್ರೆ ಎಂದು ನೆಂಟರೊಬ್ಬರು ಹೇಳಿದ ಮೇಲೆ ಅತ್ತಿಗೆ ಹೆದರಿ, ರಾತ್ರಿಯ ಮಾತ್ರೆಯನ್ನು ಬಿಡಿಸೋಣವೇ ಎಂದು ಕೇಳುತ್ತಿದ್ದಾರೆ. ಮುಂದಿನ ತಪಾಸಣೆಗೆ ಇನ್ನೂ ಮೂರು ವಾರವಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಂಜೇಶ್ವರ, ಕಸಿಯಾಗಿ ಒಂಬತ್ತು ವರ್ಷ)

ಒಂದು ಹೊತ್ತಿನ ಮಾತ್ರೆಯನ್ನೂ ತಾವಾಗಿ ಬಿಡಿಸಬೇಡಿ ಎಂದು ಅತ್ತಿಗೆಯವರಿಗೆ ಇವತ್ತೇ ಹೇಳಿ. ದೇಹವು ಕಸಿಯಾದ ಹೃದಯವನ್ನು ತಿರಸ್ಕರಿಸತೊಡಗಿದರೂ ಮೊದಮೊದಲು ಹೊರಗೆ ಏನೂ ಕಾಣದಿರಬಹುದು.

ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಟ್ಯಾಕ್ರೋಲಿಮಸ್ ಮತ್ತು ಅದೇ ಕೆಲಸ ಮಾಡುವ ಸೈಕ್ಲೋಸ್ಪೊರಿನ್ ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳನ್ನು ಬಿಗಿಗೊಳಿಸುತ್ತವೆ. ಪ್ರಮಾಣ ತಗ್ಗಿಸಿದರೆ ಆರಂಭದಲ್ಲಿ ಸರಿಹೋಗಬಹುದಾದ ಈ ತೊಂದರೆ ವರ್ಷಗಟ್ಟಲೆ ಮುಂದುವರಿದರೆ ಮೂತ್ರಪಿಂಡದಲ್ಲಿ ಕಲೆಗಟ್ಟಿ ಉಳಿದುಬಿಡುತ್ತದೆ. 2003ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಹೃದಯ ಕಸಿಯಾದವರ ಪೈಕಿ ನೂರಕ್ಕೆ ಸುಮಾರು 11 ಮಂದಿಗೆ ಐದು ವರ್ಷದೊಳಗೆ ಮೂತ್ರಪಿಂಡ ತೀವ್ರವಾಗಿ ಕುಗ್ಗಿತ್ತು. ಆದ್ದರಿಂದಲೇ ವೈದ್ಯರು ಕೆಲವರಿಗೆ ತಿರಸ್ಕಾರ ತಡೆಯುವ ಇನ್ನೊಂದು ಮಾತ್ರೆಯಾದ ಎವರೋಲಿಮಸ್ ಸೇರಿಸಿ ಟ್ಯಾಕ್ರೋಲಿಮಸ್ ಇಳಿಸುತ್ತಾರೆ. ಆ ಲೆಕ್ಕ ಅವರ ಕೈಯಲ್ಲೇ ಇರಲಿ.

ಇನ್ನೊಂದು ವಿಷಯ, ರಕ್ತ ಕೊಟ್ಟದ್ದು ಎಷ್ಟು ಹೊತ್ತಿಗೆ? ಒಮ್ಮೆ ನಾನು ಎಂಟು ಗಂಟೆಗೆ ಮಾತ್ರೆ ನುಂಗಿ ಹತ್ತಕ್ಕೆ ರಕ್ತ ಕೊಟ್ಟೆ. ಮಟ್ಟ ವಿಪರೀತವಾಗಿ ಬಂದು ಮನೆಯವರೆಲ್ಲ ಕಂಗಾಲಾದರು. ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆ ಕಳೆದು, ಬೆಳಗಿನದನ್ನು ನುಂಗುವ ಮುನ್ನ ತೆಗೆದ ರಕ್ತದ್ದೇ ಸರಿಯಾದ ಮಟ್ಟ.

ಉತ್ತರ 2 (ಕಾಸರಗೋಡು, ನರ್ಸ್)

ಮೇಲಿನವರು ಹೇಳಿದ್ದು ಸರಿ. ಆದರೆ ಸಮಯದ ತಪ್ಪಿನಿಂದ ಕ್ರಿಯೇಟಿನಿನ್ ಏರುವುದಿಲ್ಲ. ಅದಕ್ಕೆ ಬೇರೆ ಕಾರಣ ಹುಡುಕಬೇಕು. ಸೊಂಟನೋವಿಗೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ನುಂಗಿದ್ದಾರೆಯೇ? ಭೇದಿಯಾಗಿತ್ತೇ? ಕೊಲೆಸ್ಟ್ರಾಲ್ ಇಳಿಯುತ್ತದೆಂದು ಬಿಂಬುಳಿ ಎಂಬ ಹುಳಿಕಾಯಿಯ ರಸ ಕುಡಿದಿದ್ದಾರೆಯೇ? ಆ ರಸ ಕುಡಿದು ಮೂತ್ರಪಿಂಡ ಹಠಾತ್ತನೆ ಕೈಕೊಟ್ಟ ಪ್ರಕರಣಗಳನ್ನು ಕೇರಳದ ವೈದ್ಯರೇ ವರದಿ ಮಾಡಿದ್ದಾರೆ. ಹಿತ್ತಿಲ ಚಕ್ಕೋತವೂ, ಕ್ಲಾರಿಥ್ರೋಮೈಸಿನ್, ಫ್ಲುಕೊನಜೋಲ್‌ನಂಥ ಔಷಧಗಳೂ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ರಕ್ತದೊತ್ತಡ, ಸಕ್ಕರೆಯ ಅಂಕಿಗಳನ್ನೂ ಬರೆದಿಟ್ಟು, ಮೂರು ವಾರ ಕಾಯದೆ ನಾಳೆಯೇ ಕಸಿ ವಿಭಾಗಕ್ಕೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು

ಅಣ್ಣನ ಅಂಗಿಯ ಕಿಸೆಯಲ್ಲಿ ಅರ್ಧ ಖಾಲಿಯಾದ ಡೈಕ್ಲೋಫೆನಾಕ್ ಪಟ್ಟಿ ಸಿಕ್ಕಿತು. ಅಡಿಕೆ ಹೆಕ್ಕಿ ಸೊಂಟ ಹಿಡಿದಾಗಲೆಲ್ಲ ನುಂಗುತ್ತಿದ್ದನಂತೆ. ರಕ್ತ ಕೊಟ್ಟದ್ದೂ ತಿಂಡಿ, ಮಾತ್ರೆ ಎರಡೂ ಮುಗಿದ ಮೇಲೆಯೇ. ಕೊಚ್ಚಿಗೆ ಫೋನ್ ಮಾಡಿದೆವು. ನೋವಿನ ಮಾತ್ರೆ ನಿಲ್ಲಿಸಿ, ಟ್ಯಾಕ್ರೋಲಿಮಸ್ ಹಾಗೆಯೇ ಮುಂದುವರಿಸಿ, ಸೋಮವಾರ ಮತ್ತೆ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಅಂದು ಬೆಳಗಿನ ಮಾತ್ರೆಯನ್ನು ಅತ್ತಿಗೆ ತಮ್ಮ ಚೀಲದಲ್ಲಿಯೇ ಇಟ್ಟುಕೊಂಡು ಹೋಗಲಿದ್ದಾರೆ.