ಮೊದಲು ಎಂಜಿನನ್ನು ಹೊರಗಿಡು, ಆಯಿಲ್ ಮಾತು ಆಮೇಲೆ

ಅಳಿಯ, ನೀನು ಬೆಳಿಗ್ಗೆ ಮನೆಯವರ ಗುಂಪಿನಲ್ಲಿ ಹಾಕಿದ ಹೊಸ ವೆಲ್ಡಿಂಗ್ ಜನರೇಟರಿನ ಫೋಟೋ ನೋಡಿದೆ. ಇದನ್ನೆಲ್ಲ ಬೆರಳಿನಿಂದ ಒತ್ತುತ್ತ ಕುಳಿತರೆ ಸಂಜೆಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಪೂರ್ತಿ ಕೇಳು. ಅಕ್ಕ, ಭಾವ, ನೀವೂ ಕೇಳಿ, ನಿಮಗೂ ಒಂದೊಂದು ಮಾತಿದೆ.

ಪೆಟ್ರೋಲ್ ವೆಲ್ಡಿಂಗ್ ಜನರೇಟರ್ ಕೊಂಡದ್ದು ನನಗೆ ನಿಜಕ್ಕೂ ಸಂತೋಷ. ತೋಟದ ಮನೆಗೆ ಗೇಟು, ಕೊಬ್ಬರಿ ಶೆಡ್ಡಿಗೆ ಚಾವಣಿ ಎಂದು ಕೆಲಸ ಹಿಡಿಯುವವನಿಗೆ ಅದು ಬೇಕು. ತಿಪಟೂರು ಸುತ್ತಿನ ತೋಟಗಳಲ್ಲಿ ತ್ರೀ ಫೇಸ್ ಕರೆಂಟು ಬರುವ ಹೊತ್ತಿಗಾಗಿ ಕಾದು ಕುಳಿತರೆ ಕೂಲಿ ಗಿಟ್ಟುವುದಿಲ್ಲ. ನೀನು ಕೇಳಿದ್ದು ಯಾವ ಆಯಿಲ್ ಹಾಕಬೇಕೆಂದು. ಹೇಳುತ್ತೇನೆ. ಆದರೆ ಫೋಟೋದಲ್ಲಿ ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ಮಳೆ ಬಂತೆಂದು ಯಂತ್ರವನ್ನು ಶೆಡ್ಡಿನ ಒಳಗೆ ತಂದಿದ್ದೀಯ. ಶಟರ್ ಅರ್ಧ ಇಳಿದಿದೆ. ಈ ಮಾತು ಕೇಳುವಾಗ ಅದು ಓಡುತ್ತಿದ್ದರೆ ಈಗಲೇ ಹೋಗಿ ನಿಲ್ಲಿಸು, ಹುಡುಗರನ್ನು ಹೊರಗೆ ಕರೆ, ಆಮೇಲೆ ಮುಂದಿನದನ್ನು ಕೇಳು.

ನಿಲ್ಲಿಸಿದೆಯಾ? ಸರಿ. ಪೆಟ್ರೋಲ್ ಎಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗಿಗೆ ಬಡಿಯುವುದು ಹೊಗೆಯಲ್ಲಿರುವ ಬೇರೆ ಪದಾರ್ಥಗಳು, ಕೊಲ್ಲುವುದು ಇದು. ನಮ್ಮ ರಕ್ತ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಉಸಿರಾಡುತ್ತಲೇ ಇರುತ್ತೇವೆ, ಮೈಗೆ ಮಾತ್ರ ಉಸಿರು ಸಿಗುವುದಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ. ಅಷ್ಟು ಹೊತ್ತಿಗೆ ಎದ್ದು ಹೊರಗೆ ಹೋಗಬೇಕೆಂಬ ಬುದ್ಧಿಯೂ ಮಂಕಾಗಿರುತ್ತದೆ.

ಇದನ್ನು ನಾನು ಅನುಭವಿಸಿದ್ದೇನೆ. ಪೀಣ್ಯದಲ್ಲಿದ್ದಾಗ, ಸುಮಾರು 18 ವರ್ಷದ ಹಿಂದೆ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಪೈಪಿನ ಕೆಲಸ. ಕೇಬಲ್ ಸಾಲದೆಂದು ಗುತ್ತಿಗೆದಾರ ಜನರೇಟರನ್ನು ಇಳಿಜಾರಿನ ಅರ್ಧಕ್ಕೆ ತಂದು ನಿಲ್ಲಿಸಿದ. ಗಾಳಿ ಆಡುತ್ತದಲ್ಲ ಎಂದು ನಾವೂ ಸುಮ್ಮನಾದೆವು. ಒಂದು ಗಂಟೆ ಕಳೆಯುವಷ್ಟರಲ್ಲಿ ನನಗೆ ಹಣೆ ಸಿಡಿಯತೊಡಗಿತು. ಬಿಸಿಲಿಗೆ ಎಂದುಕೊಂಡೆ, ನೆಲಮಾಳಿಗೆಯಲ್ಲಿ ಎಲ್ಲಿಯ ಬಿಸಿಲು ಎಂದು ಹೊಳೆಯಲೇ ಇಲ್ಲ. ಜೊತೆಯವನು ಕುಳಿತಲ್ಲೇ ವಾಂತಿ ಮಾಡಿಕೊಂಡ, ಎದ್ದರೆ ಕಾಲು ನಿಲ್ಲಲಿಲ್ಲ. ಮೇಲಿದ್ದ ಕಬ್ಬಿಣ ಕಟ್ಟುವ ಹುಡುಗರು ಇಳಿದು ಬಂದು ನಮ್ಮಿಬ್ಬರನ್ನೂ ಎಳೆದುಕೊಂಡು ಹೋದರು. ಅವನು ಎರಡು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಮೇಲಿದ್ದ. ನಿನ್ನ ಫೋಟೋ ನೋಡಿದಾಗ ನನಗೆ ಕಂಡದ್ದು ಆ ಇಳಿಜಾರು.

ಆದ್ದರಿಂದ ಕಿಟಕಿ ತೆರೆದಿದೆ, ಶಟರ್ ಎತ್ತುತ್ತೇನೆ, ಫ್ಯಾನ್ ಹಾಕುತ್ತೇನೆ ಎಂಬ ಮಾತೇ ಬೇಡ. ಯಂತ್ರ ಬಾಗಿಲು, ಕಿಟಕಿಗಳಿಂದ ಕನಿಷ್ಠ 20 ಅಡಿ ದೂರದಲ್ಲಿ ಬಯಲಲ್ಲಿ ಇರಬೇಕು, ಸೈಲೆನ್ಸರ್ ಬಾಯಿ ಜನರಿಲ್ಲದ ಕಡೆಗೆ ತಿರುಗಿರಬೇಕು. ಮಳೆಗೆ ನಾಲ್ಕು ಕಂಬ ನಿಲ್ಲಿಸಿ ಮೇಲೆ ಒಂದು ಶೀಟ್ ಹಾಕು, ನಾಲ್ಕು ಬದಿಯೂ ತೆರೆದಿರಲಿ. ಎಂಜಿನ್ ಹೊರಗೇ ಇರಲಿ, ಒಳಗೆ ಬರುವುದು ಕೇಬಲ್ ಮಾತ್ರ. ನೀನು ತಾಮ್ರದ ಕೇಬಲಿಗೆ ಹಣ ಹೆಚ್ಚಾಯಿತು ಎಂದು ಬರೆದಿದ್ದೀಯ. ಈ ಹಣವನ್ನು ಉಳಿಸಬೇಡ. 35 ಚದರ ಮಿಲಿಮೀಟರಿನ ಕೇಬಲ್, ಬೆಸುಗೆಯ ರಾಡ್ ಹಿಡಿಯುವ ಹೋಲ್ಡರಿಗೂ ಕರೆಂಟು ಮರಳುವ ಅರ್ತಿಗೂ 15 ಮೀಟರಿನಂತೆ ತೆಗೆದುಕೋ. ಕೆಲಸ ಮಾಡುವಾಗ ಸುರುಳಿ ಬಿಚ್ಚಿ ನೆಲದ ಮೇಲೆ ಹರಡು. ಸುತ್ತಿಟ್ಟರೆ ಒಳಗೊಳಗೇ ಕಾದು ರಬ್ಬರ್ ಕರಗುತ್ತದೆ.

ಕೇಬಲಿನ ಮಾತು ಬಂತಲ್ಲ, ಫೋಟೋದಲ್ಲಿ ಇನ್ನೊಂದು ಕಂಡಿತು. ಕೆಲಸ ನಡೆಯುತ್ತಿರುವುದು ಮೂಲೆಯ ಗೇಟಿನ ಮೇಲೆ, ಅರ್ತ್ ಕ್ಲಾಂಪ್ ಕಚ್ಚಿಸಿರುವುದು ಶೆಡ್ಡಿನ ಕಂಬಕ್ಕೆ. ಕರೆಂಟು ಹೋಲ್ಡರಿನಿಂದ ಹೊರಟ ಮೇಲೆ ಯಂತ್ರಕ್ಕೆ ಮರಳುವ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಕಂಬ, ಬೋಲ್ಟು, ಸರಪಳಿ, ಶೆಡ್ಡಿನ ವೈರಿಂಗಿನ ಅರ್ತ್ ತಂತಿ, ಸಿಕ್ಕಿದ್ದರಲ್ಲೆಲ್ಲ ಹರಿಯುತ್ತದೆ. 100 ಆಂಪಿಯರ್ ಹರಿದರೆ ಆ ಸಣ್ಣ ತಂತಿ ಸುಡುತ್ತದೆ, ನಿನಗೆ ತಿಳಿಯುವುದೂ ಇಲ್ಲ. ಕ್ಲಾಂಪನ್ನು ಬೆಸೆಯುವ ಕಬ್ಬಿಣಕ್ಕೇ, ಬಣ್ಣ ಮತ್ತು ತುಕ್ಕು ಉಜ್ಜಿ, ಬೆಸುಗೆಗೆ ಹತ್ತಿರದಲ್ಲೇ ಕಚ್ಚಿಸು. ಹಾಗೆಯೇ, ರಾಡ್ ಮುಟ್ಟಿಸದೆ ಇರುವಾಗ ಹೋಲ್ಡರಿನಲ್ಲಿ ಸುಮಾರು 70 ವೋಲ್ಟ್ ಇರುತ್ತದೆ. ಒಣ ಕೈಗವಸು, ಒಣ ಬೂಟು ಇದ್ದರೆ ಅದು ಏನೂ ಮಾಡದು. ಮಳೆಯಲ್ಲಿ ನೆನೆದ ಮೈ, ಹವಾಯಿ ಚಪ್ಪಲಿ, ಕಂಕುಳಲ್ಲಿ ಹೋಲ್ಡರ್ ಸಿಕ್ಕಿಸಿಕೊಂಡು ರಾಡ್ ಬದಲಿಸುವ ನಿನ್ನ ಸಹಾಯಕನ ಅಭ್ಯಾಸ, ಇವು ಮೂರೂ ಸೇರಿದರೆ ಮಾತು ಬೇರೆ. ಅವನಿಗೆ ನಾಳೆಯೇ ಬೂಟು ಕೊಡಿಸು.

ಅಕ್ಕ, ಈಗ ನಿನಗೆ. ಕರೆಂಟು ಹೋದಾಗ ಇದರಿಂದಲೇ ಮನೆಗೆ ಬೆಳಕು ಕೊಡಬಹುದಂತೆ, ಒಂದು ವೈರ್ ಎಳೆದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕಂತೆ ಎಂದು ಬರೆದಿದ್ದೆ. ದಯವಿಟ್ಟು ಹಾಗೆ ಮಾಡಿಸಬೇಡ. ಮನೆಯ ಮೀಟರಿನಾಚೆ ಇರುವುದು ಊರಿನ ಟ್ರಾನ್ಸ್‌ಫಾರ್ಮರ್. 11,000 ವೋಲ್ಟನ್ನು ಇಳಿಸಿ ನಮಗೆ ಕೊಡುವ ಅದೇ ಟ್ರಾನ್ಸ್‌ಫಾರ್ಮರ್, ನಾವು ಈ ಕಡೆಯಿಂದ 230 ವೋಲ್ಟ್ ತಳ್ಳಿದರೆ ಏರಿಸಿ ಆ ಕಡೆಗೆ ಕೊಡುತ್ತದೆ. ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಅಲ್ಲಿರುತ್ತಾನೆ. ಮನೆಗೆ ಬೇಕೇ ಬೇಕೆಂದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಊರಿನ ಲೈನನ್ನು ಬೇರ್ಪಡಿಸಿ ಮನೆಯನ್ನು ಜನರೇಟರಿಗೆ ಬದಲಿಸುವ ಚೇಂಜ್ ಓವರ್ ಸ್ವಿಚ್ ಹಾಕಿಸು, ಅಲ್ಲಿಯವರೆಗೆ ಒಂದು ದೀಪವನ್ನು ನೇರವಾಗಿ ಯಂತ್ರದ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು. ಅವನು ಬಂದಾಗಲೇ ಅಳಿಯ, ಸಾಕೆಟ್ಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಎಂದರೆ ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್, ಹಾಕಿಸಿ ಅದು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷೆ ಮಾಡಿಸು. ಜನರೇಟರಿನ ನ್ಯೂಟ್ರಲ್ ಅದರ ಚೌಕಟ್ಟಿಗೆ ಸೇರಿರದಿದ್ದರೆ, ಅದನ್ನು ಹಾಕಿಸಿದರೂ ಬೇಕಾದಾಗ ಬಿದ್ದು ಕರೆಂಟು ಕಡಿಯುವುದಿಲ್ಲ.

ಭಾವ, ನಿಮಗೆ ಹೋದ ವರ್ಷ ಪೇಸ್‌ಮೇಕರ್ ಹಾಕಿದ್ದಾರೆ. ವೆಲ್ಡಿಂಗ್ ಕೇಬಲಿನ ಸುತ್ತ ಕಾಂತಕ್ಷೇತ್ರ ಇರುತ್ತದೆ, ಅದು ಪೇಸ್‌ಮೇಕರಿನ ಲಯವನ್ನು ಕೆಡಿಸಬಹುದು. ಮಗನ ಕೆಲಸ ನೋಡುವ ಆಸೆ ನನಗೆ ಅರ್ಥವಾಗುತ್ತದೆ. ಹೃದಯದ ವೈದ್ಯರನ್ನು ಕೇಳುವವರೆಗೆ ಜಗುಲಿಯಿಂದಲೇ ನೋಡಿ, ಯಂತ್ರದ ಹತ್ತಿರ ಬರಬೇಡಿ.

ಬೆಂಕಿಯ ವಿಷಯ. ನಿನ್ನ ಶೆಡ್ಡಿನ ಹಿಂದೆ ತೆಂಗಿನ ಸಿಪ್ಪೆಯ ರಾಶಿ ಇದೆ, ಅಟ್ಟದಲ್ಲಿ ಕೊಬ್ಬರಿ ಇದೆ. ಬೆಸುಗೆಯ ಕಿಡಿ, ಗ್ರೈಂಡರಿನ ಕಿಡಿ 35 ಅಡಿಯವರೆಗೂ ಹಾರಬಹುದು ಎಂದೇ ಲೆಕ್ಕ ಹಿಡಿಯುತ್ತಾರೆ. ಸಿಪ್ಪೆಯ ಗುಣ ನಿನಗೆ ಗೊತ್ತಿದೆ, ಹೊರಗೆ ಏನೂ ಕಾಣದೆ ಒಳಗೆ ಗಂಟೆಗಟ್ಟಲೆ ಕನಲುತ್ತದೆ. ರಾಶಿಯನ್ನು ಸರಿಸು. ಕೆಲಸ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಯಾರಾದರೂ ಒಬ್ಬರು ನೀರು ಮತ್ತು ಮರಳಿನೊಂದಿಗೆ ಅಲ್ಲೇ ಇರಲಿ. ಪೆಟ್ರೋಲಿನ ಕ್ಯಾನು ಆ ಜಾಗದಲ್ಲಿ ಇರಲೇಬಾರದು. ಪೆಟ್ರೋಲ್ ಹೊತ್ತಿಕೊಂಡರೆ ನೀರು ಸುರಿಯಬಾರದು, ಅದಕ್ಕೆ ಪುಡಿಯ ಅಗ್ನಿಶಾಮಕ ಸಿಲಿಂಡರ್ ಒಂದನ್ನು ಇಟ್ಟುಕೋ. ಓಡುವ ಎಂಜಿನಿಗೆ ಪೆಟ್ರೋಲ್ ಹಾಕುವವರನ್ನು ನಾನು ಎಷ್ಟೋ ಸಲ ಬೈದಿದ್ದೇನೆ. ನಿಲ್ಲಿಸು, ಸೈಲೆನ್ಸರ್ ಆರಲಿ, ಒಂದು ಟೀ ಕುಡಿದು ಬಂದು ಹಾಕು. ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಬೇಡ, ಕಾದಾಗ ಪೆಟ್ರೋಲ್ ಹಿಗ್ಗುತ್ತದೆ. ಚೆಲ್ಲಿದರೆ ಒರೆಸಿ, ಆವಿ ಆರಿದ ಮೇಲೆ ಸ್ಟಾರ್ಟ್ ಮಾಡು.

ಈಗ ಆಯಿಲ್. ಗಾಳಿಯಿಂದ ತಣಿಯುವ ಇಂಥ ಫೋರ್ ಸ್ಟ್ರೋಕ್ ಎಂಜಿನಿಗೆ ಸಾಮಾನ್ಯವಾಗಿ 10ಡಬ್ಲ್ಯೂ-30 ಎಂಬ ದರ್ಜೆಯ ಆಯಿಲ್. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ಹಾಕು. ಹೊಸ ಎಂಜಿನ್ ಆದ್ದರಿಂದ ಮೊದಲ 20 ಗಂಟೆಗೇ ಬದಲಿಸು. ಲೋಹದ ಸಣ್ಣ ಪುಡಿ ಆಗ ಹೊರಬರುತ್ತದೆ, ಇಂಥ ಸಣ್ಣ ಎಂಜಿನುಗಳಲ್ಲಿ ಅದನ್ನು ಹಿಡಿಯಲು ಆಯಿಲ್ ಫಿಲ್ಟರ್ ಇರುವುದಿಲ್ಲ. ಆಮೇಲೆ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ, ಯಾವುದು ಮೊದಲೋ ಅದು. ಎಂಜಿನ್ ಉಗುರು ಬೆಚ್ಚಗಿರುವಾಗ ಇಳಿಸಿದರೆ ಕೊಳೆಯೂ ಇಳಿಯುತ್ತದೆ. ಇಳಿಸಿದ್ದನ್ನು ತೋಟಕ್ಕೆ ಸುರಿಯಬೇಡ, ಗ್ಯಾರೇಜಿಗೆ ಕೊಡು. ದಿನವೂ ಸ್ಟಾರ್ಟ್ ಮಾಡುವ ಮೊದಲು ಸಮತಟ್ಟಾದ ನೆಲದಲ್ಲಿ ಮಟ್ಟ ನೋಡು. ಆಯಿಲ್ ಕಡಿಮೆಯಾದರೆ ಎಂಜಿನ್ ತಾನೇ ನಿಲ್ಲುವಂತೆ ಒಂದು ಸೆನ್ಸರ್ ಇರುತ್ತದೆ. ಇಳಿಜಾರಿನಲ್ಲಿ ಪದೇ ಪದೇ ನಿಲ್ಲುತ್ತದೆ ಎಂದು ಅದರ ವೈರ್ ಕತ್ತರಿಸುವ ಮೆಕ್ಯಾನಿಕ್ ಸಿಗಬಹುದು. ಕತ್ತರಿಸಲು ಬಿಡಬೇಡ, ಯಂತ್ರವನ್ನು ಸಮನಾಗಿ ನಿಲ್ಲಿಸು.

ನನ್ನ ಅನುಭವದಲ್ಲಿ ಎಂಜಿನನ್ನು ಬೇಗ ತಿನ್ನುವುದು ಆಯಿಲಿಗಿಂತ ದೂಳು. ಗ್ರೈಂಡರನ್ನು ಏರ್ ಫಿಲ್ಟರಿನಿಂದ ದೂರ ಹಿಡಿ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪುಸ್ತಕದಲ್ಲಿ ಹೇಳಿದ್ದರೆ ಒಂದೆರಡು ಹನಿ ಹೊಸ ಆಯಿಲ್ ಹಚ್ಚಿ ಹಿಂಡಿ ಹಾಕು. ಕಾಗದದ್ದು ಹರಿದಿದ್ದರೆ ಹೊಸದು. ಫಿಲ್ಟರ್ ಇಲ್ಲದೆ ಹತ್ತು ನಿಮಿಷವೂ ಓಡಿಸಬೇಡ. ಒಳಗೆ ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡು.

ಯಂತ್ರದ ಫಲಕವನ್ನು ಫೋಟೋದಲ್ಲಿ ದೊಡ್ಡದು ಮಾಡಿ ಓದಿದೆ: 3000 ಆರ್‌ಪಿಎಂ (ನಿಮಿಷಕ್ಕೆ 3000 ಸುತ್ತು), 170 ಆಂಪಿಯರ್, ಶೇ 60. ಎಂದರೆ 170ಕ್ಕೆ ಇಟ್ಟರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸುಗೆ, ನಾಲ್ಕು ನಿಮಿಷ ಬಿಡುವು. ಬಿಡುವಿನಲ್ಲಿ ಎಂಜಿನ್ ಓಡುತ್ತಲೇ ಇರಲಿ, ಅದರ ಫ್ಯಾನೇ ಒಳಗಿನ ಸುರುಳಿಗಳನ್ನು ತಣಿಸುವುದು. ನಿನ್ನ ಗೇಟಿನ ಕೆಲಸಕ್ಕೆ 3.15 ಮಿಲಿಮೀಟರ್ ದಪ್ಪದ, 6013 ದರ್ಜೆಯ ರಾಡಿಗೆ 100ರಿಂದ 120 ಆಂಪಿಯರ್ ಸಾಕು. ರಾಡ್ ಅಂಟುತ್ತದೆ ಎಂದು ಎಂಜಿನಿನ ವೇಗ ಹೊಂದಿಸುವ ಗವರ್ನರ್ ಸ್ಕ್ರೂ ಮುಟ್ಟಬೇಡ. 3000 ಸುತ್ತು ಇದ್ದರೇ ಸಾಕೆಟ್ಟಿನಲ್ಲಿ 50 ಹರ್ಟ್ಸ್ ಬರುವುದು. ಅದು ತಪ್ಪಿದರೆ ಸಾಕೆಟ್ಟಿಗೆ ಸಿಕ್ಕಿಸಿದ ಉಪಕರಣಗಳು ಕೆಡಬಹುದು. ಸಂಜೆ ನಿಲ್ಲಿಸುವಾಗ ಒಮ್ಮೆಲೇ ನಿಲ್ಲಿಸದೆ, ಭಾರವಿಲ್ಲದೆ ಮೂರ್ನಾಲ್ಕು ನಿಮಿಷ ಓಡಿಸಿ ನಿಲ್ಲಿಸು.

ಒಂದು ತಿಂಗಳು ಕೆಲಸವಿಲ್ಲದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನಲ್ಲಿರುವುದು ಮುಗಿಯುವವರೆಗೆ ಓಡಿಸಿಬಿಡು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಿನ್ನ ಎಂಜಿನಿಗೆ ಎಷ್ಟು ಎಥನಾಲ್ ಆಗುತ್ತದೆ ಎಂದು ಪುಸ್ತಕದಲ್ಲಿ ನೋಡು.

ಇನ್ನೊಂದು ನೆನಪಾಯಿತು. ಜಿಐ ಪೈಪ್, ಎಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್, ಬೆಸೆಯುತ್ತೇನೆ ಎಂದಿದ್ದೆ. ಸತುವಿನ ಲೇಪನ ಸುಟ್ಟ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಬೆಸೆಯುವ ಜಾಗದಲ್ಲಿ ಲೇಪನ ಉಜ್ಜಿ ತೆಗೆ, ಗಾಳಿ ಬೆನ್ನಿನ ಕಡೆಯಿಂದ ಬರುವಂತೆ ನಿಲ್ಲು, ಹೊಗೆಗೆಂದೇ ಮಾಡಿದ ಮಾಸ್ಕ್ ಹಾಕಿಕೋ. ಬೆಲ್ಲ ತಿಂದರೆ ಸರಿಹೋಗುತ್ತದೆ ಎಂದು ನಿನ್ನ ಹುಡುಗರು ಹೇಳುತ್ತಾರೆ. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ನಾನೇ ಬರುತ್ತೇನೆ. ಕೇಬಲಿನ ತುದಿಯ ಲೋಹದ ಲಗ್ಗುಗಳನ್ನು ಇಬ್ಬರೂ ಕುಳಿತು ಬಿಗಿ ಮಾಡೋಣ. ಒಂದು ನೋಟ್‌ಬುಕ್ ತಂದಿಡು, ಓಡಿದ ಗಂಟೆ ಬರೆಯುವುದಕ್ಕೆ. ಅದಕ್ಕೂ ಮೊದಲು, ಈಗಲೇ, ಯಂತ್ರ ಅಂಗಳದಲ್ಲಿ ನಿಂತಿರುವ ಫೋಟೋ ಒಂದನ್ನು ಗುಂಪಿಗೆ ಹಾಕು. ಅದನ್ನು ನೋಡಿದ ಮೇಲೆಯೇ ನಾನು ಊಟಕ್ಕೆ ಏಳುತ್ತೇನೆ.