ಸಿಫಿಲಿಸ್ (ಲೈಂಗಿಕ ರೋಗ) ರಕ್ತಪರೀಕ್ಷೆ ವಿಡಿಆರ್‌ಎಲ್ 1:16 ಬಂದ ಮೇಲೂ ಪೆನಿಸಿಲಿನ್ ಇಂಜೆಕ್ಷನ್ ಬೇಕಾ?

ಹೆಸರು ಬೇಡ: ಹರಿಹರ ಕಡೆಯ ಲಾರಿ ಡ್ರೈವರ್ ಒಬ್ಬರಿಗೆ ಶಿಶ್ನದ ಮೇಲೆ ನೋವಿಲ್ಲದ ಹುಣ್ಣಾಗಿತ್ತು. ಮೆಡಿಕಲ್‌ನಲ್ಲಿ ಅಜಿಥ್ರೊಮೈಸಿನ್ 500 ಮೂರು ದಿನ ಕೊಟ್ಟರು, ಮಾಯ್ತು. ಈಗ ವಿಡಿಆರ್‌ಎಲ್ 1:16, ಸಿಫಿಲಿಸ್‌ನದ್ದೇ ಇನ್ನೊಂದು ರಕ್ತಪರೀಕ್ಷೆ ಟಿಪಿಎಚ್‌ಎ ಪಾಸಿಟಿವ್. ಹೆಂಡತಿ ನಾಲ್ಕು ತಿಂಗಳ ಬಸುರಿ. ಇನ್ನೂ ಔಷಧಿ ಬೇಕಾ?

ಮೆಡಿಕಲ್ಸ್ ದಾವಣಗೆರೆ: ಹುಣ್ಣು ಮಾಯ್ದಿದೆ ಅಂದ್ರೆ ಮಾತ್ರೆ ಹಿಡಿದಿದೆ. ಸುರಕ್ಷಾ ಕ್ಲಿನಿಕ್‌ನಲ್ಲಿ (ಸರ್ಕಾರಿ ಲೈಂಗಿಕ ರೋಗ ಕ್ಲಿನಿಕ್) ಹುಣ್ಣಿಗೆ ಕೊಡೋ ಬಿಳಿ ಕಿಟ್‌ನಲ್ಲೂ ಅಜಿಥ್ರೊ 1 ಗ್ರಾಂ ಇದೆ. ಟಿಪಿಎಚ್‌ಎ ಸಾಮಾನ್ಯವಾಗಿ ಸಾಯೋವರೆಗೂ ಪಾಸಿಟಿವ್ ಇರುತ್ತೆ, ಹೆದರಬೇಡಿ.

ಸಿಸ್ಟರ್ ಚಿತ್ರದುರ್ಗ: ಅದೇ ಬಿಳಿ ಕಿಟ್‌ನಲ್ಲಿ ಬೆಂಜಥಿನ್ ಪೆನಿಸಿಲಿನ್ ಇಂಜೆಕ್ಷನ್ 24 ಲಕ್ಷ ಯೂನಿಟ್ ಇರೋದನ್ನ ನುಂಗಿಬಿಟ್ರಲ್ಲ! ಅಜಿಥ್ರೊ ಅಲ್ಲಿರೋದು ಶ್ಯಾಂಕ್ರಾಯ್ಡ್ ಅನ್ನೋ ಇನ್ನೊಂದು ಹುಣ್ಣಿನ ರೋಗಕ್ಕೆ. ಸಿಫಿಲಿಸ್ ಹುಣ್ಣು ಏನೂ ಕೊಡದಿದ್ರೂ 3ರಿಂದ 6 ವಾರದಲ್ಲಿ ತಾನೇ ಮಾಯುತ್ತೆ, ರೋಗ ಒಳಗೇ ಇರುತ್ತೆ. ಅಜಿಥ್ರೊಗೆ ಬಗ್ಗದ ಸಿಫಿಲಿಸ್ ಈಗ ಎಷ್ಟೋ ದೇಶಗಳಲ್ಲಿದೆ.

ಮೆಡಿಕಲ್ಸ್ ದಾವಣಗೆರೆ: 24 ಲಕ್ಷ ಹಾಕೋರು ಯಾರು ತಾಯಿ? ಊರಲ್ಲಿರೋ ಅರ್ಧ ಕ್ಲಿನಿಕ್‌ನೋರು ಅಲರ್ಜಿ ಹೆದರಿಕೆಗೆ ವಯಲ್ ಮುಟ್ಟೋದೇ ಇಲ್ಲ. ಹಾಕಿಸ್ಕೊಂಡೋರಿಗೆ ರಾತ್ರಿಯೇ ಚಳಿಜ್ವರ.

ಸಿಸ್ಟರ್ ಚಿತ್ರದುರ್ಗ: ಚಳಿಜ್ವರ ಅಲರ್ಜಿ ಅಲ್ಲ ಸಾರ್. ಅದು ಹರ್ಕ್ಸ್‌ಹೈಮರ್ ರಿಯಾಕ್ಷನ್, ರೋಗಾಣು ಸಾಯುವಾಗ 24 ಗಂಟೆಯೊಳಗೆ ಬರುತ್ತೆ, ಪ್ಯಾರಾಸಿಟಮಾಲ್‌ಗೆ ಇಳಿಯುತ್ತೆ. ಬಸುರಿಗಾದ್ರೆ ಮಾತ್ರ ಹೊಟ್ಟೆ ಬಿಗಿತ ನೋಡ್ಕೋಬೇಕು. ಜೀವಕ್ಕೆ ಎರವಾಗೋ ಅಲರ್ಜಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೇ: ದದ್ದು, ಉಬ್ಬಸ, ಬಿಪಿ ಬೀಳೋದು. ಅದಕ್ಕೇ ಅಲರ್ಜಿ ಇಳಿಸೋ ಅಡ್ರಿನಲಿನ್ ಪಕ್ಕದಲ್ಲಿಟ್ಟು, ಅರ್ಧ ಗಂಟೆ ಕೂರಿಸ್ತೀವಿ.

ಲ್ಯಾಬ್ ಟೆಕ್ನಿಷಿಯನ್: ಇಂಜೆಕ್ಷನ್ ಜಗಳ ಆಮೇಲೆ ಆಡಿ. ಟಿಪಿಎಚ್‌ಎ ನೋಡಿ ಗುಣ ಅಳೆಯೋಕಾಗಲ್ಲ, ವಿಡಿಆರ್‌ಎಲ್ ಟೈಟರ್ ನೋಡಬೇಕು, ಅಂದ್ರೆ ಸೀರಂ ಎಷ್ಟು ಪಟ್ಟು ತೆಳು ಮಾಡಿದ್ರೂ ಪಾಸಿಟಿವ್ ಬರುತ್ತೆ ಅನ್ನೋ ಲೆಕ್ಕ. 1:16 ಇದ್ದದ್ದು ಚಿಕಿತ್ಸೆ ಆಗಿ 6ರಿಂದ 12 ತಿಂಗಳಲ್ಲಿ 1:4ಕ್ಕೆ ಇಳಿಯಬೇಕು. ಪ್ರತಿಸಲ ಅದೇ ಪರೀಕ್ಷೆ, ಆದಷ್ಟು ಅದೇ ಲ್ಯಾಬ್. ಇನ್ನೊಂದು: ಆ್ಯಂಟಿಬಾಡಿ ತೀರಾ ಹೆಚ್ಚಿದ್ರೆ ಸೀರಂ ಡೈಲ್ಯೂಟ್ ಮಾಡದೆ ನೋಡಿದಾಗ ನೆಗೆಟಿವ್ ಅಂತ ಕಾಣುತ್ತೆ.

ಮೆಡಿಕಲ್ಸ್ ದಾವಣಗೆರೆ: ಅರ್ಧ ಗಂಟೆ ಕೂರಿಸ್ತೀರಂತೆ! ಟೆಸ್ಟ್ ಡೋಸ್ (ಮೊದಲು ಚರ್ಮಕ್ಕೆ ಸ್ವಲ್ಪ ಚುಚ್ಚಿ ನೋಡೋದು) ನೆಗೆಟಿವ್ ಬಂದ ಮೇಲೂ ಅಲರ್ಜಿ ಆಗಬಹುದಲ್ವಾ, ಹೇಳಿ ನೋಡೋಣ.

ಸಿಸ್ಟರ್ ಚಿತ್ರದುರ್ಗ: ಆಗಬಹುದು. ಟೆಸ್ಟ್ ಡೋಸ್ ಗ್ಯಾರಂಟಿ ಕಾರ್ಡ್ ಅಲ್ಲ, ಅದಕ್ಕೇ ಅಡ್ರಿನಲಿನ್. ನಿಜವಾದ ತಲೆನೋವು ಸೂಜಿಯದ್ದು. ಪುಡಿ ಕಲಸಿದ್ರೆ ಗಟ್ಟಿ ಹಾಲಿನ ಥರ, ಬೇಗ ತಳ ಹಿಡಿಯುತ್ತೆ. ಸಣ್ಣ 23 ಗೇಜ್ ಹಾಕಿದ್ರೆ ಅರ್ಧದಲ್ಲೇ ಕಟ್ಕೊಳ್ಳುತ್ತೆ, ಅದಕ್ಕಿಂತ ದಪ್ಪನೆ 21 ಗೇಜ್ ಬೇಕು. ಒಂದೊಂದು ಪಿರ್ರೆಗೆ 12 ಲಕ್ಷ, ಮೊದಲು ಪ್ಲಂಜರ್ ಎಳೆದು ರಕ್ತ ಬರಲ್ಲ ಅಂತ ನೋಡಿ. ರಕ್ತನಾಳಕ್ಕೆ ಹೋದ್ರೆ ಹೃದಯವೇ ನಿಲ್ಲಬಹುದು.

ಪಿ.ಬಿ. ರೋಡ್: ಇಷ್ಟು ರಗಳೆ ಯಾಕ್ರೀ? ಡಾಕ್ಸಿಸೈಕ್ಲಿನ್ 100 ದಿನಕ್ಕೆ ಎರಡು, 14 ದಿನ. ಮುಗೀತು.

ಮೆಡಿಕಲ್ಸ್ ದಾವಣಗೆರೆ: ಪೆನಿಸಿಲಿನ್ ಅಲರ್ಜಿ ಇರೋರಿಗೆ ಕೊಡೋ ನೀಲಿ ಕಿಟ್‌ನಲ್ಲಿ 15 ದಿನದ್ದು ಇರೋದು, 14 ಅಲ್ಲ.

ಪಿ.ಬಿ. ರೋಡ್: ಒಂದು ದಿನದ ಲೆಕ್ಕಕ್ಕೆ ಬಂದ್ರಾ? ಮೂರು ದಿನದ ಅಜಿಥ್ರೊ ಸಾಕು ಅಂದೋರು ನೀವೇ ಅಲ್ವಾ!

ಸಿಸ್ಟರ್ ಚಿತ್ರದುರ್ಗ: ಇಬ್ಬರೂ ಹೆಂಡತಿ ಬಸುರಿ ಅನ್ನೋ ಸಾಲನ್ನೇ ಹಾರಿಸಿದ್ರಿ. ಬಸುರಿಗೆ ಡಾಕ್ಸಿ ಕೊಡಂಗಿಲ್ಲ. ಅಜಿಥ್ರೊ ಕೊಟ್ರೆ ಹೊಟ್ಟೆಯಲ್ಲಿರೋ ಮಗುವಿಗೆ ನಂಬೋ ಹಾಗೆ ಚಿಕಿತ್ಸೆ ಆಗಲ್ಲ. ಪೆನಿಸಿಲಿನ್ ಒಂದೇ ದಾರಿ. ಅಲರ್ಜಿ ಇದ್ರೆ ಆಸ್ಪತ್ರೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಡೋಸ್ ಏರಿಸಿ ಒಗ್ಗಿಸಿ ಕೊಡ್ತಾರೆ. ಬಿಟ್ರೆ ಮಗು ಹೊಟ್ಟೆಯಲ್ಲೇ ಹೋಗಬಹುದು, ಇಲ್ಲಾ ಸಿಫಿಲಿಸ್ ಜೊತೆಗೇ ಹುಟ್ಟಬಹುದು. ಗಂಡನಿಗೆ ರೋಗ ಪತ್ತೆಯಾಗೋ ಮುಂಚಿನ 90 ದಿನದಲ್ಲಿ ಇಬ್ಬರೂ ಕೂಡಿದ್ರೆ, ಅವಳ ರಿಪೋರ್ಟ್ ನೆಗೆಟಿವ್ ಇದ್ರೂ ಡೋಸ್ ಕೊಡ್ತಾರೆ. ಇಬ್ಬರದೂ ಮುಗಿಯೋವರೆಗೆ ಸಂಪರ್ಕ ಬೇಡ. ಎಚ್‌ಐವಿ ಪರೀಕ್ಷೆ ಜೊತೆಗೇ ಮಾಡಿಸಿ.

ಮೆಡಿಕಲ್ಸ್ ದಾವಣಗೆರೆ: ಬಸುರಿಗೆ ಬೇರೆ ರೂಲ್, ಅದನ್ನ ಯಾರು ಇಲ್ಲ ಅಂದ್ರು? ನಾನು ಹೇಳಿದ್ದು ಗಂಡನ ಮಾತು.

ಹೆಸರು ಬೇಡ: ಅಂದ್ರೆ ಗಂಡನಿಗೆ ಒಂದೇ ಸಲಾನಾ, ವಾರಕ್ಕೊಂದರಂತೆ ಮೂರಾ?

ಲ್ಯಾಬ್ ಟೆಕ್ನಿಷಿಯನ್: ಸೋಂಕು ವರ್ಷದೊಳಗಿನದು ಅಂತ ಗೊತ್ತಿದ್ರೆ ಒಂದು. ಗೊತ್ತಿಲ್ಲ ಅಂದ್ರೆ ಮೂರು. ಹುಣ್ಣು ಯಾವ ತಿಂಗಳಲ್ಲಾಗಿದ್ದು ಅಂತ ಬರೀರಿ ಮೊದಲು.